ಭಾನುವಾರ ಪಾಷಾಣ ಕೆರೆಗೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 8ಕ್ಕೆ ಪುಣೆಯ ಪಾಷಾಣ ಕೆರೆ ದಂಡೆಯಲ್ಲಿ ಡ್ಯಾಮ್ಸೆಲ್‌ಫ್ಲೈ (ಡ್ರ್ಯಾಗನ್‌ಫ್ಲೈ ಅಂದರೆ ಏರೋಪ್ಲೇನ್ ಚಿಟ್ಟೆಯ ತೆಳ್ಳನೆಯ ಬಂಧು) ನೋಡಲು ಸೇರೋಣ. ಬಿಸಿಲು ಏರದೆ ಡ್ಯಾಮ್ಸೆಲ್‌ಫ್ಲೈಗಳು ಹಾರಾಡುವುದಿಲ್ಲ, ಹಕ್ಕಿ ನೋಡುವವರ ಹಾಗೆ ಆರಕ್ಕೇ ಬಂದು ಕಾಯಬೇಡಿ.

ನಿನ್ನೆ ಗುಂಪಿನಲ್ಲಿ ಯಾವುದೆಂದು ಕೇಳಿದ್ದ ಹಳದಿ ಹುಳ ಕೋರಮಂಡಲ್ ಮಾರ್ಷ್ ಡಾರ್ಟ್ ಎಂಬ ಡ್ಯಾಮ್ಸೆಲ್‌ಫ್ಲೈ, ಗಂಡು. ಕೂತಾಗ ರೆಕ್ಕೆ ಮಡಚಿದೆ, ಕಣ್ಣುಗಳ ನಡುವೆ ಅಂತರವಿದೆ. ಆದ್ದರಿಂದ ಡ್ರ್ಯಾಗನ್‌ಫ್ಲೈ ಅಲ್ಲ. ಎದೆ ಹಸಿರು ಮಿಶ್ರಿತ, ನಾವು ಬಾಲ ಅನ್ನುವ ಉದ್ದ ಹೊಟ್ಟೆ ಒಂದೂ ಕಲೆಯಿಲ್ಲದ ಅಚ್ಚ ಹಳದಿ. ಕೆರೆಯಂಚಿನ ಹುಲ್ಲು, ಜೌಗು, ಗದ್ದೆಗಳಲ್ಲಿ ಹುಡುಕಿ. ತಗ್ಗಿನಲ್ಲೇ ಹಾರುತ್ತದೆ, ಕಣ್ಣು ಮೊಣಕಾಲಿನ ಮಟ್ಟದಲ್ಲಿರಲಿ. ಹಳದಿ ಬಾಲದ ತುದಿಯ ಹತ್ತಿರ ನೀಲಿ ಪಟ್ಟಿ ಕಂಡರೆ ಗೋಲ್ಡನ್ ಡಾರ್ಟ್ಲೆಟ್ ಎಂಬ ಇನ್ನೊಂದು ಡ್ಯಾಮ್ಸೆಲ್‌ಫ್ಲೈ ಇರಬಹುದು. ಹೆಣ್ಣುಗಳದ್ದು ಮಂಕು ಬಣ್ಣ, ಫೋಟೋ ನೋಡಿ ಹೇಳುವುದು ತಲೆನೋವೇ ಸರಿ!

ಮೊಬೈಲ್ ಸಾಕು. ಪಕ್ಕದಿಂದೊಂದು, ಮೇಲಿಂದೊಂದು ಫೋಟೋ, ಬಾಲದ ತುದಿ ಸ್ಪಷ್ಟವಾಗಿರಲಿ. ಎಲ್ಲಿ, ಎಷ್ಟು ಹೊತ್ತಿಗೆ ಕಂಡಿತು ಅಂತ ಜೊತೆಗೇ ಬರೆಯಿರಿ. ದಯವಿಟ್ಟು ಹಿಡಿಯಬೇಡಿ, ರೆಕ್ಕೆ ತೀರಾ ನಾಜೂಕು. ಎಲ್ಲಿಂದಲೋ ಬಂದ ಫಾರ್ವರ್ಡ್ ಚಿತ್ರಗಳೂ ಬೇಡ.

ಮಕ್ಕಳನ್ನು ಕರೆತರುವವರು ಕೆಸರಿಗೆ ಆಗುವ ಚಪ್ಪಲಿ ಹಾಕಿಸಿ, ನೀರಿನ ಹತ್ತಿರ ಕೈ ಬಿಡಬೇಡಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಕಾರಿನಲ್ಲಿ ಜಾಗ ಇರುವವರು ಅದನ್ನೂ ತಿಳಿಸಿ.