ಮಗ್ಗುಲು ಬದಲಿಸುವ ಕೆಲಸ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಸಿಕ್ಕಿತು. ಓದಿ ಮುಗಿಸಿದ ಮೇಲೂ ಒಂದು ಮಾತು ಮನಸ್ಸಿನಿಂದ ಹೋಗಲಿಲ್ಲ. "ಅಪ್ಪನನ್ನು ಯಂತ್ರದ ಹಾಗೆ ತಿರುಗಿಸ್ತೀನಿ, ಒರೆಸ್ತೀನಿ, ಉಣಿಸ್ತೀನಿ. ಪ್ರೀತಿ ಎಲ್ಲಿ ಹೋಯಿತೋ ಗೊತ್ತಿಲ್ಲ" ಅಂತ ಬರೆದಿದ್ದೀಯಲ್ಲ, ಆ ಮಾತು. ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯಲಾ ಅಂತ ಕೇಳಿದಾಗ ನೀನು ಬೇಡ ಅನ್ನಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾ ಒಳಗೊಳಗೇ ಹೀಗೆ ಕೊರಗುವವರು ನೀನೊಬ್ಬನೇ ಅಲ್ಲ.

ಕಾವಿಗೆ ಕೂತ ಕೋಳಿಯನ್ನು ಹತ್ತಿರದಿಂದ ನೋಡಿದ್ದೀಯಾ? ದೂರದಿಂದ ನೋಡಿದರೆ ಸುಮ್ನೆ ಕೂತಿದೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಗೊತ್ತಾಗುತ್ತದೆ. ಮೈ ಸ್ವಲ್ಪ ಎತ್ತುತ್ತದೆ. ಕೊಕ್ಕಿನ ಕೆಳಭಾಗವನ್ನು ಮೊಟ್ಟೆಯ ಆಚೆಗೆ ಚಾಚಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೊಟ್ಟೆ ಒಂದಿಷ್ಟು ಉರುಳುತ್ತದೆ. ಅಂಚಿನಲ್ಲಿದ್ದದ್ದು ನಡುವಿಗೆ ಬರುತ್ತದೆ, ನಡುವಿನದು ಅಂಚಿಗೆ ಹೋಗುತ್ತದೆ. ಆಮೇಲೆ ಮೈ ಅಲುಗಿಸಿ, ಗರಿ ಸರಿ ಮಾಡಿಕೊಂಡು ಮತ್ತೆ ಕೂರುತ್ತದೆ. ಹಗಲೂ ಇದೇ, ರಾತ್ರಿಯೂ ಇದೇ, ದಿನಕ್ಕೆ ಹತ್ತಾರು ಸಲ. ಹೀಗೆ ತಿರುಗಿಸದೇ ಹೋದರೆ ಒಳಗಿನ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯಬಹುದು. ಕಾವು ಎಷ್ಟು ಮುಖ್ಯವೋ ಈ ತಿರುಗಿಸುವುದೂ ಅಷ್ಟೇ ಮುಖ್ಯ. 21 ದಿನ ಆಗುವ ಹೊತ್ತಿಗೆ ಮರಿ ಒಳಗಿನಿಂದ ಕುಟ್ಟಿ ಹೊರಬರುತ್ತದೆ.

ಮೊಟ್ಟೆ ಮರಿ ಮಾಡುವ ಯಂತ್ರಗಳಲ್ಲೂ ಇದೇ ಕೆಲಸ ನಡೆಯುತ್ತದೆ. ಮೋಟಾರು ತಟ್ಟೆಯನ್ನು ಗಂಟೆ ಗಂಟೆಗೂ ವಾಲಿಸುತ್ತದೆ. ಆ ಮರಿಗಳೂ ಹೊರಬರುತ್ತವೆ. ಅಂದರೆ ತಿರುಗಿಸುವಾಗ ಮನಸ್ಸಿನಲ್ಲಿ ಏನಿತ್ತು ಅಂತ ಮೊಟ್ಟೆ ಕೇಳುವುದಿಲ್ಲ. ತಿರುಗಿಸಿದರಾ ಇಲ್ಲವಾ, ಅದಕ್ಕೆ ಬೇಕಾದದ್ದು ಅಷ್ಟು ಮಾತ್ರ.

ನಿನ್ನ ಅಪ್ಪನ ಬೆನ್ನೂ ಕೇಳುವುದಿಲ್ಲ ಗೆಳೆಯ. ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ಹುಣ್ಣು ಶುರುವಾಗುವುದು ಇಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ದಾದಿಯರು ಸಾಮಾನ್ಯವಾಗಿ ಹೇಳಿಕೊಡುವುದು ಇದಕ್ಕೇ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ನೋಡು. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟಾಗ ಮತ್ತೆ ಕೆಂಪಾದರೆ ಸರಿ. ಬಿಳಿಚಿಕೊಳ್ಳದೆ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ, ಆಗ ಮುಟ್ಟಿ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ. ತೋಳು ಹಿಡಿದು ಎಳೆಯಬೇಡ, ಚರ್ಮ ತರಚುತ್ತದೆ. ಕೆಳಗಿನ ದುಪ್ಪಟಿಯ ಎರಡೂ ಅಂಚು ಹಿಡಿದು ಇಬ್ಬರು ಸೇರಿ ಎತ್ತಿ ಸರಿಸಬೇಕು.

ಅಪ್ಪನ ಬೆನ್ನಿನಲ್ಲಿ ಒಂದು ಗಾಯವೂ ಇಲ್ಲ ಅಂತ ನೀನೇ ಬರೆದಿದ್ದೀಯ. ಪ್ರೀತಿ ಎಲ್ಲಿ ಹೋಯಿತು ಅಂತ ಕೇಳಿದೆಯಲ್ಲ, ಆ ಬೆನ್ನು ನೋಡು. ಇಷ್ಟು ತಿಂಗಳು ಮಲಗಿದ ಮನುಷ್ಯನ ಬೆನ್ನು ಹಾಗಿರುವುದು ತಾನಾಗಿ ಆಗುವ ಮಾತಲ್ಲ.

ಇನ್ನೊಂದು ವಿಷಯ. ಕೋಳಿ ಕಾವಿನಲ್ಲಿದ್ದಾಗಲೇ ಮೊಟ್ಟೆಗಳ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿರುತ್ತದೆ. ಹೊರಬರುವ ಮುಂಚೆ ಮರಿಗಳೂ ಚಿಪ್ಪಿನೊಳಗಿನಿಂದ ಪಿಯ್ ಅನ್ನುತ್ತವೆ. ಯಂತ್ರದಲ್ಲಿ ಇಲ್ಲದ್ದು ಆ ತಾಯಿಯ ದನಿ. ನೀನು ಪ್ರತಿ ಸಲ ತಿರುಗಿಸುವ ಮುಂಚೆ "ಅಪ್ಪಾ, ಈಗ ಗೋಡೆ ಕಡೆ ತಿರುಗಿಸ್ತೀನಿ" ಅಂತ ಹೇಳುತ್ತೀಯ. ಅವರಿಗೆ ಮಾತು ನಿಂತುಹೋಗಿದ್ದರೂ ಹೇಳುತ್ತೀಯ. ಫೋನಿನಲ್ಲಿ ನಾನೇ ಕೇಳಿಸಿಕೊಂಡಿದ್ದೇನೆ. ಅದು ಯಂತ್ರದ ಮಾತಲ್ಲ.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ದೂರದಲ್ಲಿ ಕೂತು ದುಡ್ಡು ಕಳಿಸುತ್ತಾಳೆ, ಫೋನ್ ಮಾಡುತ್ತಾಳೆ, ಅಷ್ಟೇ ಅಂತ ನಿನಗೆ ಬೇಸರ. ಮೀನು ನೋಡಿ ಮರಿ ಸಾಕುತ್ತದೆ, ಆಮೆ ನೆನೆದು ಸಾಕುತ್ತದೆ, ಹಕ್ಕಿ ಮುಟ್ಟಿ ಸಾಕುತ್ತದೆ ಅಂತ ಹಿಂದಿನವರು ಹೇಳುತ್ತಿದ್ದರು. ಕಡಲಾಮೆ ಮರಳಿನಲ್ಲಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಗುರುತು ಸಿಗದ ಹಾಗೆ ಮರಳು ಎರಚಿ ಹೋಗಿಬಿಡುತ್ತದೆ. ಮತ್ತೆ ಬಂದು ಮರಿಗಳನ್ನು ನೋಡುವುದಿಲ್ಲ. ಅದು ಮಾಡುವ ಜೋಪಾನವೆಲ್ಲ ಆ ಒಂದು ರಾತ್ರಿಯಲ್ಲೇ ಮುಗಿಯುತ್ತದೆ. ಆಮೆಗೆ ಅಷ್ಟು ಸಾಕು, ಮನುಷ್ಯರಿಗೆ ನೆನೆಯುವುದೊಂದೇ ಸಾಲದು ಅನ್ನುವುದು ನಿಜ.

ಆದರೆ ನಿನ್ನ ತಂಗಿ ಆಮೆಯಲ್ಲ. ನನಗೆ ಅವಳು ಗಂಡು ಮಂಗಟ್ಟೆ ಹಕ್ಕಿಯ ಹಾಗೆ ಕಾಣುತ್ತಾಳೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೋಗಿ, ಪೊಟರೆಯ ಬಾಯಿಯನ್ನು ತನ್ನ ಹಿಕ್ಕೆ, ಹಣ್ಣಿನ ಗಸಿ ಎಲ್ಲ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟು ಸಂದು ಮಾತ್ರ ಬಿಡುತ್ತದೆ. ಒಳಗೆ ಅದರ ಹಾರುವ ಗರಿಗಳೂ ಉದುರಿಹೋಗುತ್ತವೆ. ವಾರಗಟ್ಟಲೆ, ದೊಡ್ಡ ಮಂಗಟ್ಟೆಯಾದರೆ ತಿಂಗಳುಗಟ್ಟಲೆ, ಹೊರಗಿರುವ ಗಂಡು ಹಕ್ಕಿ ಅತ್ತಿ, ಆಲದಂಥ ಮರಗಳ ಹಣ್ಣು ನುಂಗಿಕೊಂಡು ಬಂದು, ಒಂದೊಂದನ್ನೇ ಗಂಟಲಿನಿಂದ ತೆಗೆದು ಆ ಸಂದಿನಲ್ಲಿ ಕೊಡುತ್ತದೆ. ಅದು ಮೊಟ್ಟೆಯ ಮೇಲೆ ಕೂತಿಲ್ಲ, ಮರಿಯನ್ನು ಮೈಗೆ ಒತ್ತಿಕೊಂಡಿಲ್ಲ. ಆದರೆ ಅದು ಬರುವುದು ನಿಂತರೆ ಒಳಗಿನ ಜೀವಗಳೆಲ್ಲ ಅಪಾಯಕ್ಕೆ ಸಿಕ್ಕುತ್ತವೆ. ಒಳಗೆ ಕೂತವರಿಗೆ ಹೊರಗಿನ ಓಡಾಟ ಕಾಣುವುದಿಲ್ಲ, ಹೊರಗಿರುವವರಿಗೆ ಒಳಗಿನ ಉಸಿರುಗಟ್ಟುವುದು ಗೊತ್ತಾಗುವುದಿಲ್ಲ. ನಿಮ್ಮಿಬ್ಬರ ನಡುವೆ ಆಗುತ್ತಿರುವುದೂ ಇದೇ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಅವಳು ದೂರದಲ್ಲೇ ಇರಲಿ ಅನ್ನುತ್ತಿಲ್ಲ. ಎಂಪರರ್ ಪೆಂಗ್ವಿನ್ ನೋಡು. ತಾಯಿ ಒಂದೇ ಮೊಟ್ಟೆ ಇಟ್ಟು, ಅದನ್ನು ತಂದೆಯ ಪಾದದ ಮೇಲೆ ಸರಿಸಿ ಕಡಲಿಗೆ ಹೊರಡುತ್ತದೆ. ಅಂಟಾರ್ಕ್ಟಿಕಾದ ಚಳಿಗಾಲದ ಕತ್ತಲಲ್ಲಿ ತಂದೆ ಎರಡು ತಿಂಗಳಿಗೂ ಜಾಸ್ತಿ ಆ ಮೊಟ್ಟೆಗೆ ಕಾವು ಕೊಡುತ್ತದೆ. ಅದಕ್ಕೂ ಮುಂಚಿನ ದಿನಗಳನ್ನು ಸೇರಿಸಿದರೆ ಮೂರೂವರೆ ತಿಂಗಳಿಗೂ ಮೀರಿದ ಉಪವಾಸ. ಆದರೆ ತಾಯಿ ಹೊಟ್ಟೆ ತುಂಬಿಕೊಂಡು ವಾಪಸ್ ಬರುತ್ತದೆ, ಮರಿಯನ್ನು ತಾನು ತೆಗೆದುಕೊಳ್ಳುತ್ತದೆ, ತಂದೆಯನ್ನು ಉಣ್ಣಲು ಕಳಿಸುತ್ತದೆ. ಸರದಿ ಬದಲಾಗುತ್ತದೆ. ತಂಗಿಗೆ ಇದನ್ನೇ ಕೇಳು. ಜಗಳವಾಡಬೇಡ, ಸರದಿ ಕೇಳು.

ನಿನ್ನ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ತಂದದ್ದು ಬೇರೆ ಸಾಲು. "ಬೇರೆಯವರು ಮುಟ್ಟಿದರೆ ನನಗೆ ಸಮಾಧಾನ ಇಲ್ಲ, ನಾನೊಬ್ಬನೇ ನೋಡಿಕೊಳ್ಳಬೇಕು." ಇದಕ್ಕೆ ಒಂದು ಜೀವಿಯ ಕಥೆ ಹೇಳಬೇಕು.

ಕ್ಯಾಲಿಫೋರ್ನಿಯಾದ ಮಾಂಟೆರಿ ಕಡಲ ಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, 2007ರಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ಆಕ್ಟೋಪಸ್ ನೋಡಿದರು. ಬಂಡೆಗೆ ಅಂಟಿಸಿದ ಮೊಟ್ಟೆಗಳ ಮೇಲೆ ಮೈ ಹರಡಿಕೊಂಡಿತ್ತು. ಯಂತ್ರನೌಕೆ ಕಳಿಸಿ ಮತ್ತೆ ಮತ್ತೆ ನೋಡಿದರು. ಪ್ರತಿ ಸಲ ಅದೇ ಜಾಗ, ಅದೇ ಆಕ್ಟೋಪಸ್. ಏಡಿಗಳು ಪಕ್ಕದಲ್ಲೇ ಓಡಾಡಿದರೂ ಅದು ತಿಂದದ್ದನ್ನು ಯಾರೂ ನೋಡಲಿಲ್ಲ. ಬಣ್ಣ ಮಾಸುತ್ತಾ ಬಂತು, ಚರ್ಮ ಜೋತುಬಿತ್ತು, ಕಣ್ಣಿಗೆ ಮಂಜು ಕವಿಯಿತು. 53 ತಿಂಗಳಾದ ಮೇಲೆ, 2011ರಲ್ಲಿ, ಒಡೆದ ಮೊಟ್ಟೆಯ ಸಿಪ್ಪೆಗಳಷ್ಟೇ ಉಳಿದಿದ್ದವು. ತಾಯಿ ಇರಲಿಲ್ಲ. ಪ್ರಾಣಿಲೋಕದಲ್ಲಿ ಇಷ್ಟು ದೀರ್ಘವಾಗಿ ಮೊಟ್ಟೆ ಕಾದ ಬೇರೆ ಉದಾಹರಣೆ ಅಲ್ಲಿಯವರೆಗೆ ದಾಖಲಾಗಿರಲಿಲ್ಲ.

ಇದನ್ನು ಓದಿ ನನಗೆ ಗಂಟಲು ಕಟ್ಟಿತು. ಆದರೂ ಗೆಳೆಯ, ಆಕ್ಟೋಪಸ್ ಬದುಕುವುದೇ ಒಂಟಿಯಾಗಿ. ಅದು ಮೊಟ್ಟೆ ಇಡುವುದು ಒಂದೇ ಸಲ, ಆಮೇಲೆ ಅದರ ಬದುಕು ಮುಗಿಯುತ್ತದೆ. ನಾವು ಆ ಬಗೆಯ ಜೀವಿಗಳಲ್ಲ. ನಾವು ಆನೆಯ ಕಡೆಯವರು. ಆನೆಮರಿ ಕೂಗಿದರೆ ತಾಯಿಯೊಬ್ಬಳೇ ಅಲ್ಲ, ಅಕ್ಕ, ಚಿಕ್ಕಮ್ಮ, ಅಜ್ಜಿ ಎಲ್ಲರೂ ನುಗ್ಗಿ ಬರುತ್ತಾರೆ. ಕೀನ್ಯಾದ ಅಂಬೋಸೆಲಿಯಲ್ಲಿ 1972ರಿಂದ ಆನೆ ಕುಟುಂಬಗಳನ್ನು ಬೆನ್ನುಬಿಡದೆ ಗಮನಿಸಿದವರು ಇದನ್ನು ವಿವರವಾಗಿ ಬರೆದಿದ್ದಾರೆ. ಕೆಸರಲ್ಲಿ ಸಿಕ್ಕಿಕೊಂಡ ಮರಿಯನ್ನು ಎತ್ತುವುದನ್ನು ಎಳೆಯ ಹೆಣ್ಣಾನೆಗಳು ಕಲಿಯುವುದೂ ಹೀಗೆಯೇ.

ರಕ್ತ ಹೀರಿ ಬದುಕುವ ಬಾವಲಿ ಅಂದರೆ ಎಲ್ಲರಿಗೂ ಅಸಹ್ಯ ಅಲ್ವಾ? ಅದು ಎರಡು ಮೂರು ರಾತ್ರಿ ಸತತವಾಗಿ ಹಸಿದರೆ ಸತ್ತೇ ಹೋಗುತ್ತದೆ. ಹಾಗೆ ಹಸಿದು ವಾಪಸ್ ಬಂದದ್ದಕ್ಕೆ ಪಕ್ಕದಲ್ಲಿ ನೇತಾಡುವ ಬಾವಲಿ ತಾನು ಕುಡಿದದ್ದನ್ನೇ ಕಕ್ಕಿ ಕೊಡುತ್ತದೆ. ಜೆರಾಲ್ಡ್ ವಿಲ್ಕಿನ್ಸನ್ ಎಂಬ ಜೀವವಿಜ್ಞಾನಿ 1984ರಲ್ಲಿ ಇದನ್ನು ಪ್ರಕಟಿಸಿದರು. ಕೊಡುವುದು ನೆಂಟರಿಗೆ ಮಾತ್ರ ಅಲ್ಲ, ಬಹುಕಾಲ ಜೊತೆಗಿದ್ದವರಿಗೂ. ಇವತ್ತು ಕೊಟ್ಟದ್ದು ನಾಳೆ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳಲು ಅದಕ್ಕೆ ನಾಚಿಕೆ ಇಲ್ಲ. ನಿನಗೆ ಯಾಕೆ?

ಮನುಷ್ಯರೂ ಇದನ್ನು ಇವತ್ತು ಕಲಿತದ್ದಲ್ಲ. ವಿಯೆಟ್ನಾಂನ ಮಾನ್ ಬಾಕ್ ಎಂಬಲ್ಲಿ 2007ರಲ್ಲಿ, ಸುಮಾರು 4,000 ವರ್ಷ ಹಳೆಯ ಗೋರಿಯಲ್ಲಿ, ಒಬ್ಬ ಯುವಕನ ಮೂಳೆಗಳು ಸಿಕ್ಕವು. ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಕೈಕಾಲಿನ ಮೂಳೆಗಳು ಸಣಕಲಾಗಿದ್ದವು. ಹದಿಹರೆಯಕ್ಕೆ ಬರುವ ಹೊತ್ತಿಗೇ ಅವನ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು, ಕೈಗಳೂ ಹೆಚ್ಚು ಉಪಯೋಗಕ್ಕೆ ಬರುತ್ತಿರಲಿಲ್ಲ ಅಂತ ಆ ಮೂಳೆಗಳನ್ನು ಪರೀಕ್ಷಿಸಿದ ಸಂಶೋಧಕರಾದ ಲೋರ್ನಾ ಟಿಲ್ಲಿ ಮತ್ತು ಮಾರ್ಕ್ ಆಕ್ಸೆನ್‌ಹ್ಯಾಮ್ ತೋರಿಸಿದರು. ಆದರೂ ಅವನು ಆಮೇಲೆ ಹತ್ತು ವರ್ಷದಷ್ಟು ಬದುಕಿದ. ಲೋಹದ ಪಾತ್ರೆ ಕೂಡ ಇಲ್ಲದ, ಮೀನು ಹಿಡಿದು ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದ ಜನ. ಅವನಿಗೆ ಉಣಿಸಿದವರು, ತೊಳೆದವರು, ಮಗ್ಗುಲು ಬದಲಿಸಿದವರು ಯಾರೋ ಇದ್ದೇ ಇದ್ದರು. ಹತ್ತು ವರ್ಷ ಅದನ್ನು ಒಬ್ಬರೇ ಮಾಡಿರಲು ಸಾಧ್ಯವೇ ಇಲ್ಲ. ಊರೇ ಮಾಡಿರಬೇಕು.

ದೊಡ್ಡ ಆಸ್ಪತ್ರೆಯ ಉಪಕರಣಗಳು ಮನೆಯಲ್ಲಿಲ್ಲ ಅಂತಲೂ ಕೊರಗಿದ್ದೀಯ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರ ಬಳಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು ಜಾಸ್ತಿ, ಬೆಚ್ಚಗಿಡುವ ಪೆಟ್ಟಿಗೆಗಳು ಕಡಿಮೆ ಇದ್ದವು. ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು, ಕಾಂಗರೂ ಮರಿ ಚೀಲದಲ್ಲಿ ಇರುವ ಹಾಗೆ. ಹುಟ್ಟುವಾಗ ಒಂದು ಗ್ರಾಮಿನಷ್ಟೂ ತೂಗದ ಮರಿಯನ್ನು ಕಾಂಗರೂ ಹೀಗೇ ಬೆಳೆಸುತ್ತದೆ. ಬೇರೆ ದಾರಿ ಇಲ್ಲದೆ ಹಿಡಿದ ಆ ಕ್ರಮವನ್ನು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲ ಕಡೆ ಮಾಡಿ ಅನ್ನುತ್ತದೆ. ಅಪ್ಪಂದಿರೂ ಅಜ್ಜಿಯರೂ ಸರದಿಯಲ್ಲಿ ಎದೆಗೆ ಕಟ್ಟಿಕೊಳ್ಳುತ್ತಾರೆ. ನಿನ್ನ ಕೈಗಳಿವೆ, ಅಲ್ಲಿಗೆ ಮುಖ್ಯವಾದ ಉಪಕರಣ ಮನೆಯಲ್ಲಿದೆ. ಅದಕ್ಕೆ ವಿಶ್ರಾಂತಿ ಕೊಡುವುದಷ್ಟೇ ಬಾಕಿ.

ಅದಕ್ಕೇ ಶನಿವಾರ ರಾತ್ರಿಯ ಪಾಳಿ ನನಗೆ ಕೊಡು. ಬೇಡ ಅನ್ನಬೇಡ, ಈ ಕೆಲಸ ನನಗೆ ಹೊಸದಲ್ಲ, ನಮ್ಮ ಅಜ್ಜಿಯ ಜೊತೆ ಮಾಡಿದ್ದೇನೆ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡು: ಕೊನೆಗೆ ಯಾವ ಮಗ್ಗುಲಿಗೆ ಮಲಗಿಸಿದೆ, ಎಷ್ಟು ಗಂಟೆಗೆ, ಮಂಡಿಗಳ ನಡುವೆ ಯಾವ ದಿಂಬು ಇಡುತ್ತೀಯ. ನುಂಗಲು ಅವರಿಗೆ ಇನ್ನೂ ಕಷ್ಟ ಇದೆಯಾ? ನೀರನ್ನು ಹಾಗೇ ಕೊಡುತ್ತೀಯಾ, ಇಲ್ಲ ಗಟ್ಟಿ ಮಾಡಿ ಚಮಚದಲ್ಲಿ ಕೊಡು ಅಂದಿದ್ದಾರಾ? ಅದನ್ನೂ ಬರೆ. ತಂಗಿಗೆ ಇವತ್ತೇ ಫೋನ್ ಮಾಡಿ, ಮುಂದಿನ ತಿಂಗಳು ಯಾವ ವಾರ ಬರಲು ಆಗುತ್ತದೆ ಅಂತ ಕೇಳಿ ನನಗೆ ತಿಳಿಸು.

ಇಂತಿ,
ನಿನ್ನ ಗೆಳೆಯ