ಮಳೆ ಇಲ್ಲದ ಊರಲ್ಲಿ ಬೇಸ್‌ಮೆಂಟ್‌ಗೆ ನೀರು

ಸಂಪಾದಕರಿಗೆ ನಮಸ್ಕಾರ,

ಅಂತರ್ಜಲ ಅಂದ್ರೆ ಸಾಕು, ಬತ್ತೋಯ್ತು, ಪಾತಾಳಕ್ಕೆ ಹೋಯ್ತು ಅಂತಾನೇ ಸುದ್ದಿ ಬರುತ್ತೆ. ಅದು ನಿಜಾನೇ, ಆದ್ರೆ ಮಳೆ ಮುಖಾನೇ ಅಪರೂಪಕ್ಕೆ ನೋಡೋ ಎಷ್ಟೋ ಸಿಟಿಗಳಲ್ಲಿ ಇದು ಉಲ್ಟಾ ಆಗಿದೆ, ನೆಲದ ಕೆಳಗಿನ ನೀರು ಏರ್ತಾ ಏರ್ತಾ ಬೇಸ್‌ಮೆಂಟ್ ಒಳಗೇ ಜಿನುಗ್ತಿದೆ.

ಈ ನೀರು ಎಲ್ಲಿಂದ ಬಂತು ಅಂದ್ರೆ ಜನಾನೇ ತಂದಿದ್ದು. ರಿಯಾದ್‌ಗೆ ಸಮುದ್ರದ ನೀರಿನ ಉಪ್ಪು ತೆಗೆದು 400 ಕಿಲೋಮೀಟರ್‌ಗಿಂತ ದೂರದಿಂದ ಪೈಪಲ್ಲಿ ತರ್ತಾರೆ, ಅಷ್ಟು ಕಷ್ಟಪಟ್ಟು ತಂದ ನೀರು ಪೈಪ್ ಲೀಕಲ್ಲಿ, ಒಳಚರಂಡಿ ಇಲ್ಲದ ಕಡೆ ಶೌಚದ ಗುಂಡಿಗಳಲ್ಲಿ, ಲಾನ್‌ಗೆ ಬಿಟ್ಟಿದ್ರಲ್ಲಿ ನೆಲಕ್ಕಿಳಿಯುತ್ತೆ, ಕೆಳಗೆ ಗಟ್ಟಿ ಪದರ ಸಿಕ್ಕಿದ್ರೆ ಅಲ್ಲೇ ನಿಂತು ಮೇಲೇರುತ್ತೆ. ಜೋಧ್‌ಪುರದಲ್ಲಿ ಕಾಲುವೆ ನೀರು ಬಂದ್ಮೇಲೆ ಹಳೇ ಬಾವಿ, ಮೆಟ್ಟಿಲುಬಾವಿಗಳಿಂದ ನೀರೆತ್ತೋದೇ ನಿಂತೋಯ್ತು, ಈಗ ಹಳೇ ಊರಿನ ನೆಲಮಾಳಿಗೆಗಳಲ್ಲಿ ಪಂಪ್ ಓಡಿಸ್ಬೇಕು.

ನನಗೆ ತುಂಬಾ ಸಂಕಟ ಆಗೋದು ಅಲ್ಜೀರಿಯಾದ ಎಲ್ ಊದ್ ವಿಷಯ. ಅಲ್ಲಿನ ರೈತರು ಮರಳಲ್ಲಿ ದೊಡ್ಡ ದೊಡ್ಡ ಗುಂಡಿ ತೋಡಿ, ಬೇರು ತಾನಾಗೇ ನೀರು ಮುಟ್ಟೋ ಹಾಗೆ ಖರ್ಜೂರ ನೆಡ್ತಿದ್ರು, ನೀರು ಹಾಕೋ ಕೆಲಸಾನೇ ಇರ್ಲಿಲ್ಲ. ಆಮೇಲೆ ಆಳದ ಬೋರ್‌ವೆಲ್ ಬಂತು, ಊರು ಬೆಳೀತು, ಬಳಸಿದ ನೀರೆಲ್ಲಾ ಮೇಲಿನ ಪದರಕ್ಕೇ ಇಳೀತು, ಗುಂಡಿಗಳು ಕೊಳಚೆ ಕೆರೆ ಆಗಿ ಸಾವಿರಾರು ಮರ ನಿಂತಲ್ಲೇ ಕೊಳೆತ್ವು.

ಮನೆಗಳಿಗೂ ಇದು ಸುಮ್ನೆ ಬಿಡಲ್ಲ. ಗೋಡೆ ಬುಡದಲ್ಲಿ ಮೊದ್ಲು ಬಿಳೀ ಉಪ್ಪು ಪುಡಿ ಪುಡಿಯಾಗಿ ಏಳುತ್ತೆ, ಪ್ಲಾಸ್ಟರ್ ಮುಟ್ಟಿದ್ರೆ ಉದುರುತ್ತೆ, ಆಮೇಲೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತೆ. ಪೇಂಟ್ ಹೊಡೆದು ಮುಚ್ಚಿದ್ರೆ ಉಪ್ಪು ಹೋಗಲ್ಲ.

ಬೇಸ್‌ಮೆಂಟ್‌ಗೆ ಪಂಪ್ ಇಟ್ಟು ರೋಡಿಗೆ ಬಿಡೋದು ಪರಿಹಾರ ಅಲ್ಲವೇ ಅಲ್ಲ, ಆ ನೀರು ಮತ್ತೆ ಪಕ್ಕದ ನೆಲಕ್ಕೇ ಇಳಿಯುತ್ತೆ. ಹೊಸ ಪೈಪ್‌ಲೈನ್ ಹಾಕೋ ಮುಂಚೆ ಒಳಚರಂಡಿ ಆಗ್ಬೇಕು, ಲೀಕ್ ಹುಡುಕಿ ಮುಚ್ಬೇಕು, ಅಲ್ಲಲ್ಲಿ ಅಳತೆ ಬಾವಿ ತೋಡಿ ನೀರಿನ ಮಟ್ಟ ಬರೆದಿಡ್ಬೇಕು, ಮೇಲೆತ್ತಿದ ನೀರನ್ನ ಶುದ್ಧ ಮಾಡಿ ಕಟ್ಟಡ ಕೆಲಸಕ್ಕೋ ಫ್ಲಶ್‌ಗೋ ಕೊಡ್ಬೇಕು. ಊರಿಗೆ ಎಷ್ಟು ನೀರು ಬಂತು ಅನ್ನೋ ಲೆಕ್ಕ ಎಲ್ಲಾ ಕಡೆ ಸಿಗುತ್ತೆ, ಬಳಸಿದ್ಮೇಲೆ ಅದು ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕಾನೂ ಜೊತೆಗೇ ಕೇಳಿ ಬರೀರಿ ಅಂತ ನಿಮ್ಮ ಪತ್ರಿಕೆಗೆ ನನ್ನ ವಿನಂತಿ.

ಇಂತಿ,
ಒಬ್ಬ ಓದುಗ