ಬರುವವರಷ್ಟೇ ಅಲ್ಲ, ನಮ್ಮ ಕಲಾವಿದರೂ ಹೊರಡಲಿ

ಮಾನ್ಯ ಸಂಪಾದಕರೇ,

ಹೊರದೇಶದ ಕ್ಯುರೇಟರುಗಳೂ (ಕಲಾಪ್ರದರ್ಶನಗಳನ್ನು ರೂಪಿಸುವವರು) ಕಲಾವಿದರೂ ಸಂಶೋಧನಾ ಭೇಟಿಯ ಹೆಸರಿನಲ್ಲಿ ಬೆಂಗಳೂರಿಗೆ ಬಂದುಹೋಗುವುದು ಈಗ ಹೊಸ ಸಂಗತಿಯೇನಲ್ಲ. ಅಂಗಳದ ಬಾದಾಮಿ ಮರವನ್ನು ಉಳಿಸಿಕೊಂಡೇ ಕಟ್ಟಿದ ‘1 ಶಾಂತಿ ರೋಡ್’ ಸ್ಟುಡಿಯೊ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅಂಥವರಿಗೆ ತಂಗಲು ಕೋಣೆಯನ್ನೂ, ಸಂಜೆ ಚಿತ್ರಗಳನ್ನು ತೋರಿಸಿ ಮಾತಾಡಲು ಜಾಗವನ್ನೂ ಕೊಡುತ್ತ ಬಂದಿದೆ. ಮ್ಯಾಕ್ಸ್‌ಮುಲ್ಲರ್ ಭವನವೂ ತನ್ನ ರೆಸಿಡೆನ್ಸಿಯ, ಅಂದರೆ ಕಲಾವಿದರು ಕೆಲಕಾಲ ಉಳಿದು ಕೆಲಸ ಮಾಡುವ ಯೋಜನೆಯ ಮೂಲಕ ಜರ್ಮನಿಯ ಕಲಾವಿದರನ್ನು ಇಲ್ಲಿನ ಸಂಸ್ಥೆಗಳೊಡನೆ ಕೆಲಸಕ್ಕೆ ಕೂರಿಸುತ್ತದೆ. ನನ್ನ ತಕರಾರು ಬರುವವರ ಬಗ್ಗೆ ಅಲ್ಲ. ಬೆಂಗಳೂರಿನಾಚೆಯ ನಮ್ಮಂಥವರು ಹೊರಟು ನೋಡಿಬರುವ ಏರ್ಪಾಡು ಸಾಲದು ಎಂಬುದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ಧಾರವಾಡದ ನನ್ನ ಕೊಠಡಿಗೆ ಯುರೋಪಿನ ಕ್ಯುರೇಟರೊಬ್ಬರು ಬಂದಿದ್ದರು. ಹುಬ್ಬಳ್ಳಿಯಿಂದ ವಿಮಾನ ಹಿಡಿಯಬೇಕಿದ್ದರಿಂದ ಅವರಲ್ಲಿ ಇದ್ದದ್ದು ಇಪ್ಪತ್ತೈದು ನಿಮಿಷ. ಗೋಡೆಗೆ ಆನಿಸಿಟ್ಟ ಕ್ಯಾನ್ವಾಸುಗಳನ್ನು ನಾನು ಒಂದೊಂದಾಗಿ ತಿರುಗಿಸಿದೆ, ಅವರು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಕೊಟ್ಟ ಫೇಡೆ ಕೈಯಲ್ಲೇ ಉಳಿದಿತ್ತು. ಮೂಲೆಯಲ್ಲಿದ್ದ ಹಳೆಯ ಕೈಮಗ್ಗದ ಲಾಳಿಯನ್ನು ಕಂಡು ಏನೋ ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಕೆಳಗೆ ಕಾರಿನ ಹಾರನ್ ಆಯಿತು. ಮಾತು ಶುರುವಾಗಬೇಕಿದ್ದದ್ದೇ ಆ ಪ್ರಶ್ನೆಯಿಂದ.

ಕಲಾವಿದರ ನಡುವಣ ಜಾಲವನ್ನು ಹೆಣೆದದ್ದು ಇಂಥ ಅವಸರವಲ್ಲ. ಶಿಲ್ಪಿ ಆಂಟನಿ ಕ್ಯಾರೊ ಮತ್ತು ಕಲಾಸಂಗ್ರಾಹಕ ರಾಬರ್ಟ್ ಲೋಡರ್ 1982ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಟ್ರಯಾಂಗಲ್ ಕಾರ್ಯಾಗಾರದಲ್ಲಿ ಬೇರೆಬೇರೆ ದೇಶದವರು ಒಂದೇ ಕಡೆ ಉಂಡು, ಉಳಿದು, ಕೆಲಸ ಮಾಡುತ್ತಿದ್ದರು. 1997ರಲ್ಲಿ ದೆಹಲಿ ಬಳಿಯ ಮೋದಿನಗರದಲ್ಲಿ ನಡೆದ ಖೋಜ್ ಕಾರ್ಯಾಗಾರ ಅದೇ ಬಳ್ಳಿಯ ಕುಡಿ. ಕರಾಚಿಯ ವಸ್ಲ್, ಕೊಲಂಬೊದ ತೀರ್ಥ, ಢಾಕಾದ ಬ್ರಿತ್ತೊ ಎಂಬ ಕಲಾವಿದರ ಬಳಗಗಳು ಅದರ ಒಡನಾಡಿಗಳಾಗಿ ಬೆಳೆದವು. ಇದೇ ಬ್ರಿತ್ತೊ 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅಡುಗೆಮನೆಯೊಂದನ್ನು ಕಟ್ಟಿ, ನಾನಾ ದೇಶಗಳವರಿಂದ ಅಡುಗೆ ಮಾಡಿಸಿ ಬಂದವರಿಗೆ ಬಡಿಸಿತು. ನಮ್ಮಲ್ಲೂ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ಕೆಲಸ 2007ರಲ್ಲೇ ಡಾಕ್ಯುಮೆಂಟಾ ತಲುಪಿತ್ತು, ಮೈಸೂರಿನ ಕಲಾವಿದ ಎನ್.ಎಸ್. ಹರ್ಷ 2008ರಲ್ಲಿ ಕಾರ್ಡಿಫ್‌ನ ಆರ್ಟೆಸ್ ಮುಂಡಿ ಎಂಬ ಅಂತರರಾಷ್ಟ್ರೀಯ ಕಲಾ ಬಹುಮಾನ ಪಡೆದರು. ಆದರೆ ಅದು ಒಬ್ಬೊಬ್ಬರು ತಾವೇ ಕಡಿದುಕೊಂಡ ದಾರಿ. ಹಿಂದೆ ಬರುವವರು ಮತ್ತೆ ಮೊದಲಿನಿಂದ ಮುಳ್ಳು ಸವರಬೇಕು.

ಆದ್ದರಿಂದ ಕರ್ನಾಟಕ ಲಲಿತಕಲಾ ಅಕಾಡೆಮಿ ಪ್ರಶಸ್ತಿ, ಪ್ರದರ್ಶನಗಳ ಜೊತೆಗೆ ವರ್ಷಕ್ಕೆ ನಾಲ್ಕೈದು ಮಂದಿಗಾದರೂ ಮೂರು ವಾರಗಳ ಅಧ್ಯಯನ ಪ್ರವಾಸದ ಖರ್ಚನ್ನು ಕೊಡುವ ಬಗ್ಗೆ ಯೋಚಿಸಬೇಕು. ಮೊದಲಿಗೆ ಪ್ಯಾರಿಸ್, ಬರ್ಲಿನ್ ಬೇಕಾಗಿಲ್ಲ. ಕೊಲಂಬೊ, ಕಠ್ಮಂಡುಗಳಿಗೆ ಖರ್ಚೂ ಕಡಿಮೆ, ಅಲ್ಲಿನವರ ತಾಪತ್ರಯಗಳೂ ನಮ್ಮವೇ. ಹೋದವರು ಅಲ್ಲಿ ಪ್ರದರ್ಶನ ಮಾಡಲೇಬೇಕೆಂಬ ಷರತ್ತು ಬೇಡ. ಷರತ್ತು ಬೇಕೇಬೇಕಿದ್ದರೆ, ತಿರುಗಿ ಬಂದ ಮೇಲೆ ಕಲಬುರಗಿ, ಧಾರವಾಡ, ಮೈಸೂರಿನ ಕಲಾಶಾಲೆಗಳ ವಿದ್ಯಾರ್ಥಿಗಳೆದುರು ಕಂಡದ್ದನ್ನು ಕನ್ನಡದಲ್ಲಿ ಹೇಳಲಿ, ಅಲ್ಲಿ ಪರಿಚಯವಾದವರ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಹಂಚಿಕೊಳ್ಳಲಿ. ಹಾಗೆಯೇ ಅರ್ಜಿಯೂ ಕನ್ನಡದಲ್ಲಿರಲಿ: ಇಂಗ್ಲಿಷಿನಲ್ಲಿ ತಮ್ಮ ಕೆಲಸದ ಬಗ್ಗೆ ಎರಡು ಪುಟದ ‘ಕಲಾವಿದನ ಹೇಳಿಕೆ’ ಬರೆಯಲಾಗದೆ ಫಾರಂ ಅನ್ನು ಖಾಲಿಯೇ ಮಡಚಿಟ್ಟ ಒಳ್ಳೆಯ ಚಿತ್ರಕಾರರನ್ನು ನನ್ನ ವಿದ್ಯಾರ್ಥಿಗಳಲ್ಲೇ ಕಂಡಿದ್ದೇನೆ.

– ಚಿತ್ರಕಲಾ ಶಿಕ್ಷಕ, ಧಾರವಾಡ